ನೀನು ಊರಿದ ಬಟಾಣಿ ಕೊಯ್ಲಿಗೆ ಬಂತು

ಪ್ರೀತಿಯ ಪುಟ್ಟಿ,

ಈ ಬೆಳಿಗ್ಗೆ ನಿನ್ನ ಬಟಾಣಿಯ ಮೊದಲ ಕೊಯ್ಲಾಯಿತು. ಎರಡು ಬೊಗಸೆ ಕಾಯಿ ಸಿಕ್ಕಿತು. ಹೊರಡುವ ಹಿಂದಿನ ದಿನ ಚಳಿಯಲ್ಲಿ ಕೂತು, ಬೆರಳಿನಿಂದ ಗುಣಿ ಮಾಡಿ ಒಂದೊಂದೇ ಕಾಳು ಊರಿದ್ದೆಯಲ್ಲ, ಅದೇ ಸಾಲು. ಆ ಥಂಡಿಯಲ್ಲಿ ಹುಟ್ಟುತ್ತದೋ ಇಲ್ಲವೋ ಅಂತ ನನಗೆ ಅನುಮಾನವಿತ್ತು. ಬಟಾಣಿ ಚಳಿಗೆ ಹೆದರುವುದಿಲ್ಲ; ಮಣ್ಣು ತಣ್ಣಗಿದ್ದರೆ ನಿಧಾನ ಮಾಡುತ್ತದೆ, ಅಷ್ಟೇ. ಅದೇ ವಾರ ನಾನು ಆತುರಪಟ್ಟು ಬಿತ್ತಿದ ಬೀನ್ಸ್ ಮಾತ್ರ ಮಣ್ಣೊಳಗೇ ಕೊಳೆತು ಹೋಯಿತು. ಅದಕ್ಕೆ ಮಣ್ಣು 15 ಡಿಗ್ರಿಯಷ್ಟಾದರೂ ಬೆಚ್ಚಗಿರಬೇಕು. ಬಿಸಿಲು ಬಲಿತ ಮೇಲೆ ಮತ್ತೆ ಬಿತ್ತಿದೆ. ಈಗ ಕುತ್ತಿಗೆ ಬಗ್ಗಿಸಿಕೊಂಡು ಮಣ್ಣು ಎತ್ತಿ ಹೊರಗೆ ಬರುತ್ತಿದೆ.

ಕಾಯಿ ಬಿಡಿಸುತ್ತ ಕೂತಾಗ ಹಳೆಯದೊಂದು ನೆನಪಾಯಿತು. ಅದನ್ನು ಹೇಳಬೇಕೆಂದೇ ಈ ಪತ್ರ.

ನಿನಗೆ ಆಗ ಏಳೋ ಎಂಟೋ ವರ್ಷ. ಕೆಂಪು ಮೂಲಂಗಿ ಒಂದನ್ನು ಸೊಪ್ಪು ಹಿಡಿದು ಕಿತ್ತುಕೊಂಡು ನನ್ನ ಮುಂದೆ ಬಂದು ನಿಂತಿದ್ದೆ. ಗೋಲಿಯಷ್ಟಿತ್ತು. "ಇನ್ನೂ ದಪ್ಪ ಆಗಬೇಕಿತ್ತು, ಯಾರು ಕೀಳು ಅಂದರು?" ಅಂತ ಗದರಿದೆ. ನೀನು ಮಾತಾಡದೆ ಹೋಗಿ ಅದನ್ನು ಅದೇ ಗುಣಿಯಲ್ಲಿಟ್ಟು, ಮಣ್ಣು ಮುಚ್ಚಿ, ನೀರು ಹಾಕಿ ಬಂದೆ. ಮರುದಿನ ಸೊಪ್ಪು ಬಾಡಿ ಮಲಗಿತ್ತು. ಉಳಿದವನ್ನೆಲ್ಲ ನಾನು ದಪ್ಪವಾಗಲಿ ಅಂತ ಕಾದೆ. ಬಿಸಿಲು ಏರಿತು, ಒಂದೊಂದೂ ಒಳಗೆ ಬೆಂಡಾಯಿತು, ಹಲವು ಸೀಳಿಕೊಂಡವು. ಆ ಸಾಲಿನಲ್ಲಿ ತಿನ್ನುವಂತಿದ್ದುದು ನೀನು ಕಿತ್ತಿದ್ದು ಒಂದೇ. ಅದನ್ನು ನಿನಗೆ ಹೇಳಬೇಕಿತ್ತು ಮಗಳೇ, ಹೇಳಲಿಲ್ಲ. ಅವತ್ತು ತಪ್ಪು ನನ್ನದು.

ಆ ಜಾತಿಯ ಮೂಲಂಗಿ 25-30 ದಿನದ ಬೆಳೆ. ಈ ವಸಂತದಲ್ಲಿ ಅದು ಎಳೆಯದಿರುವಾಗಲೇ ಕಿತ್ತೆ. ಕಚ್ಚಿದರೆ ಕರುಂ ಅನ್ನುತ್ತದೆ, ಖಾರ ನಾಲಿಗೆಗೆ ತಾಗಿ ಹಾಗೇ ಇಳಿಯುತ್ತದೆ. ಕ್ಯಾರೆಟ್ ಬೀಜದ ಜೊತೆಗೇ ಅದನ್ನೂ ಬೆರೆಸಿ ಬಿತ್ತಿದ್ದೆ. ಕ್ಯಾರೆಟ್ ಮೇಲೆ ಬರುವುದಕ್ಕೆ ಎರಡು ಮೂರು ವಾರ ಬೇಕು. ಅಷ್ಟರೊಳಗೆ ಮೂಲಂಗಿ ಎದ್ದು ಸಾಲು ಎಲ್ಲಿದೆ ಅಂತ ತೋರಿಸುತ್ತದೆ, ಕಳೆ ತೆಗೆಯುವಾಗ ಕೈ ತಪ್ಪುವುದಿಲ್ಲ. ಮೂಲಂಗಿ ಕಿತ್ತ ಜಾಗದಲ್ಲಿ ಈಗ ಕ್ಯಾರೆಟ್ಟಿನ ಗರಿಯಂಥ ಎಲೆ ಹರಡಿದೆ. ಒತ್ತಾಗಿ ಹುಟ್ಟಿದ್ದನ್ನು ಕಿತ್ತು ತೆಳುವು ಮಾಡುವ ಕೆಲಸ ನನಗೆ ಇವತ್ತಿಗೂ ಕಷ್ಟ. ಚೆನ್ನಾಗಿರುವ ಸಸಿಯನ್ನು ಕೀಳಲು ಮನಸ್ಸೇ ಬರುವುದಿಲ್ಲ. ಆದರೆ ಬಿಟ್ಟರೆ ಎಲ್ಲವೂ ದಾರದಂತೆ ಸಣಕಲಾಗಿ ಉಳಿಯುತ್ತವೆ.

ಬಟಾಣಿಯನ್ನೂ ಮೂಲಂಗಿಯಂತೆ ಎಳೆಯದಿರುವಾಗಲೇ ಕೊಯ್ಯಬೇಕು. ಕೊಯ್ದ ಗಳಿಗೆಯಿಂದಲೇ ಕಾಳಿನೊಳಗಿನ ಸಕ್ಕರೆ ಪಿಷ್ಟವಾಗುತ್ತ ಹೋಗುತ್ತದೆ, ಅದಕ್ಕೇ ಬಳ್ಳಿಯ ಪಕ್ಕದಲ್ಲಿ ನಿಂತು ತಿಂದ ರುಚಿ ಸಂಜೆಗೆ ಇರುವುದಿಲ್ಲ. ಬಳ್ಳಿಯಲ್ಲೇ ಬಲಿಯಲು ಬಿಟ್ಟರೂ ಹಾಗೇ, ಜೊತೆಗೆ ಕಾಳು ಬಲಿತರೆ ಬಳ್ಳಿ ಹೂ ಬಿಡುವುದನ್ನೇ ನಿಲ್ಲಿಸುತ್ತದೆ. ಹಾಗಾಗಿ ಎರಡು ದಿನಕ್ಕೊಮ್ಮೆ ಕೆಳಗಿನಿಂದ ಕೊಯ್ಯುತ್ತ ಬರುತ್ತೇನೆ. ಒಂದು ಕೈಯಲ್ಲಿ ಬಳ್ಳಿ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಕಾಯಿಯ ಜೊತೆ ಬಳ್ಳಿಯೇ ಕಿತ್ತು ಬರುತ್ತದೆ.

ಈಚೆಗೊಮ್ಮೆ ಬಟಾಣಿಯ ಕುಡಿಯಲ್ಲೆಲ್ಲ ಹೇನು ಮುತ್ತಿತ್ತು. ಅವುಗಳ ನಡುವೆ ಕಪ್ಪಗೆ, ಮೈಮೇಲೆ ಕಿತ್ತಳೆ ಚುಕ್ಕೆಯ, ಪುಟ್ಟ ಮೊಸಳೆಯಂಥ ಮರಿಹುಳ ಓಡಾಡುತ್ತಿದ್ದವು. ಹೊಸಕಿ ಹಾಕಲು ಕೈ ಚಾಚಿದವನು ಗುರುತು ಹಿಡಿದು ನಿಲ್ಲಿಸಿದೆ. ಅವು ಹೇನನ್ನೇ ತಿನ್ನುವ ಗುಲಗಂಜಿ ಹುಳದ ಮರಿಗಳು. ಒಂದು ವಾರ ಏನೂ ಸಿಂಪಡಿಸದೆ ಬಿಟ್ಟೆ. ಕುಡಿ ಈಗ ಚೊಕ್ಕಟವಾಗಿದೆ.

ಪಾಲಕ್ ಹೂದಂಟು ಎತ್ತುತ್ತಿದೆ. ಹಗಲು ಉದ್ದವಾದರೆ ಅದನ್ನು ತಡೆಯುವ ದಾರಿ ಇಲ್ಲ, ಇದ್ದ ಎಲೆಯನ್ನೆಲ್ಲ ಕೊಯ್ದುಬಿಟ್ಟೆ. ಲೆಟ್ಯೂಸಿನ ಹೊರಗಿನ ಎಲೆ ಮಾತ್ರ ಮುರಿದುಕೊಳ್ಳುತ್ತಿದ್ದೇನೆ, ನಡುವೆ ಇನ್ನೂ ಚಿಗುರುತ್ತಿದೆ.

ಟೊಮೆಟೊ ಸಸಿಗಳದ್ದು ಬೇಜಾರಿನ ಸುದ್ದಿ. ಕಿಟಕಿಯ ಬಳಿ ಬೆಳೆದವನ್ನು ಒಂದೇ ದಿನ ಪೂರ್ತಿ ಬಿಸಿಲಿಗೆ ಇಟ್ಟುಬಿಟ್ಟೆ. ಎಲೆ ಬೆಳ್ಳಗೆ ಸುಟ್ಟು ಎರಡು ಸತ್ತವು. ಉಳಿದವನ್ನು ದಿನಕ್ಕೊಂದೆರಡು ಗಂಟೆಯಂತೆ ಹೊರಗಿಟ್ಟು, ವಾರ ಕಳೆದ ಮೇಲೆ ನೆಟ್ಟೆ. ಕೆಳಗಿನ ಎಲೆ ಚಿವುಟಿ ಕಾಂಡವನ್ನು ಆಳಕ್ಕೆ ಹೂತಿದ್ದೇನೆ; ಹೂತ ಭಾಗದಲ್ಲೆಲ್ಲ ಬೇರು ಬರುತ್ತದೆ. ಒಂದರಲ್ಲಿ ಆಗಲೇ ಮೊಗ್ಗಿದೆ.

ಬಟಾಣಿಯ ಕೊನೆಯ ಎರಡು ಬಳ್ಳಿಗೆ ಕೆಂಪು ದಾರ ಕಟ್ಟಿದ್ದೇನೆ. ಅದರ ಕಾಯಿ ಮುಟ್ಟುವುದಿಲ್ಲ. ಬಳ್ಳಿಯಲ್ಲೇ ಒಣಗಿ, ಅಲ್ಲಾಡಿಸಿದರೆ ಗಲಗಲ ಅಂದಾಗ ಬೀಜಕ್ಕೆ ತೆಗೆದಿಡುತ್ತೇನೆ. ಮಿಕ್ಕ ಬಳ್ಳಿಗಳನ್ನು ಕೊಯ್ಲು ಮುಗಿದ ಮೇಲೆ ಬುಡಕ್ಕೆ ಕತ್ತರಿಸಿ ಬೇರನ್ನು ಮಣ್ಣಲ್ಲೇ ಬಿಡುವವನಿದ್ದೇನೆ. ಬೇರಿನ ಗಂಟುಗಳಲ್ಲಿ ಸಾರಜನಕ ಕೂಡಿಟ್ಟಿರುತ್ತದೆ, ಮುಂದಿನ ಗಿಡಕ್ಕಾಗುತ್ತದೆ.

ನೀನು ಬರಲು ಇನ್ನು ಮೂರು ವಾರ. ಇವತ್ತು ಸಂಜೆ ಬೇಲಿಯ ಪಕ್ಕದ ನೆರಳಿನಲ್ಲಿ ಇನ್ನೊಂದು ಸಾಲು ಮೂಲಂಗಿ ಬಿತ್ತಿ ನೀರು ಹಾಕಿದೆ. ನೀನು ಬರುವಾಗ ಗೋಲಿಯಷ್ಟಾಗಿರುತ್ತದೆ. ನೀನೇ ಕೀಳು.

ನಿನ್ನ
ಅಪ್ಪ