ಏಪ್ರಿಲ್‌ನಿಂದ ಹೆಚ್ಚಾಗುವ 300 ರೂಪಾಯಿ ಬಗ್ಗೆ

ಗ್ರಾಹಕರೇ, ನಮಸ್ಕಾರ.

ಏಪ್ರಿಲ್ 1ರಿಂದ ನಿಮ್ಮ ಡೊಮೇನ್‌ಗೆ (ಸೈಟಿನ ಹೆಸರಿಗೆ) ಬರುವವರು ಮೊದಲು ನಮ್ಮ ಪ್ರಾಕ್ಸಿ ಸರ್ವರ್‌ಗೆ (ನಡುವೆ ನಿಂತು ಪುಟ ತಂದುಕೊಡುವ ಕಂಪ್ಯೂಟರ್‌ಗೆ) ಬಂದು, ಅಲ್ಲಿಂದ ಕ್ಲೌಡ್‌ನಲ್ಲಿರುವ ನಿಮ್ಮ ಸೈಟಿಗೆ ಹೋಗುತ್ತಾರೆ. ನೋಡುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ವರ್ಷದ ಶುಲ್ಕ ಮಾತ್ರ 300 ರೂಪಾಯಿ ಜಾಸ್ತಿಯಾಗುತ್ತದೆ. ರಿನ್ಯೂವಲ್ ಹೊತ್ತಿಗೆ ಈ ಮಾತು ಹೇಳಬೇಕಾಗಿ ಬಂತು, ಕ್ಷಮೆ ಇರಲಿ.

“ನಾಲ್ಕು ಪುಟದ ಸೈಟು, ಕ್ಲೌಡ್‌ನಲ್ಲಿ ಇಡೋಕೆ ತಿಂಗಳಿಗೆ ಹತ್ತು ರೂಪಾಯಿನೂ ಆಗಲ್ಲ. ಮಧ್ಯೆ ಇನ್ನೊಂದು ಸರ್ವರ್ ಯಾಕೆ?” ಫೋನ್ ಮಾಡಿದವರೆಲ್ಲ ಕೇಳುತ್ತಿರುವುದು ಇದನ್ನೇ. ಇಡುವ ಖರ್ಚು ಕಡಿಮೆ, ನಿಜ. ಆದರೆ ನಿಮ್ಮ ಸೈಟು ಇರುವ ಅಮೆಜಾನ್‌ನ ಕ್ಲೌಡ್ ಸಂಗ್ರಹ, ಎಸ್3, ಕೊಡುವ ವೆಬ್‌ಸೈಟ್ ವಿಳಾಸಕ್ಕೆ ಎಚ್‌ಟಿಟಿಪಿಎಸ್ (ಗೂಢಲಿಪಿಯ ಸುರಕ್ಷಿತ ಸಂಪರ್ಕ) ಇಲ್ಲ, ಬರೀ ಎಚ್‌ಟಿಟಿಪಿ. ಅಂಥ ಸೈಟುಗಳಿಗೆ ಕ್ರೋಮ್ 2018ರ ಜುಲೈನಿಂದಲೇ ‘ಸುರಕ್ಷಿತವಲ್ಲ’ ಎಂಬ ಹಣೆಪಟ್ಟಿ ಹಚ್ಚುತ್ತಿದೆ. ನಿಮ್ಮ ಹೋಂಸ್ಟೇ ಹುಡುಕಿ ಬಂದವರು ಅದನ್ನು ನೋಡಿ ವಾಪಸ್ ಹೋದರೆ ನೀವು ಬೈಯುವುದು ನಮಗೇ ಅಲ್ವಾ? ಪ್ರಾಕ್ಸಿಯಲ್ಲಿರುವ ಎನ್‌ಜಿನ್‌ಎಕ್ಸ್ ಎಂಬ ಸಾಫ್ಟ್‌ವೇರ್ ಎಚ್‌ಟಿಟಿಪಿಎಸ್‌ಗೆ ಬೇಕಾದ ನಿಮ್ಮ ಡೊಮೇನ್‌ನ ಸರ್ಟಿಫಿಕೇಟ್ ತೋರಿಸಿ, ನಿಮ್ಮ ಬಕೆಟ್‌ನಿಂದ (ಎಸ್3ಯಲ್ಲಿ ನಿಮ್ಮ ಫೈಲುಗಳಿರುವ ಜಾಗದಿಂದ) ಪುಟ ತಂದುಕೊಡುತ್ತದೆ. ಸರ್ಟಿಫಿಕೇಟ್ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯದು, ಉಚಿತ. ಅದಕ್ಕೆ ನಾವೂ ದುಡ್ಡು ತೆಗೆದುಕೊಳ್ಳುತ್ತಿಲ್ಲ. 90 ದಿನಕ್ಕೆ ಅದರ ಅವಧಿ ಮುಗಿಯುತ್ತದೆ, ಮುಗಿಯುವ ಮೊದಲೇ ಹೊಸದು ಹಾಕುವ ಹೊಣೆ ನಮ್ಮದು.

ದುಡ್ಡು ಹೋಗುವುದು ಐಪಿ ವಿಳಾಸಕ್ಕೆ, ಅಂದರೆ ಇಂಟರ್ನೆಟ್‌ನಲ್ಲಿ ಸರ್ವರನ್ನು ಗುರುತಿಸುವ ಸಂಖ್ಯೆಗೆ. ಹೆಸರಿನ ಆರಂಭದಲ್ಲಿ ಡಬ್ಲ್ಯುಡಬ್ಲ್ಯುಡಬ್ಲ್ಯು ಇಲ್ಲದ ಡೊಮೇನ್‌ಗೆ ಡಿಎನ್‌ಎಸ್ (ಹೆಸರನ್ನು ಐಪಿ ವಿಳಾಸಕ್ಕೆ ಜೋಡಿಸುವ ವ್ಯವಸ್ಥೆ) ನಿಯಮದಂತೆ ಸಿನೇಮ್, ಅಂದರೆ ಇನ್ನೊಂದು ಹೆಸರಿನತ್ತ ಕೈತೋರಿಸುವ ದಾಖಲೆ, ಹಾಕಲು ಬರುವುದಿಲ್ಲ. ನೇರವಾಗಿ ಐಪಿ ವಿಳಾಸ ಹೇಳುವ ಎ ರೆಕಾರ್ಡ್ ಬೇಕು, ಅದಕ್ಕೊಂದು ಬದಲಾಗದ ಐಪಿವಿ4 (ಐಪಿಯ ಹಳೆಯ ಬಗೆಯ) ವಿಳಾಸ ಬೇಕು. 2024ರ ಫೆಬ್ರವರಿ 1ರಿಂದ ಅಮೆಜಾನ್‌ನಲ್ಲಿ ಇಂಥ ಒಂದೊಂದು ವಿಳಾಸಕ್ಕೂ ಗಂಟೆಗೆ 0.005 ಡಾಲರ್ ದರ, ಬಳಸಿದರೂ ಬಿಟ್ಟರೂ. ತಿಂಗಳಿಗೆ 3.6 ಡಾಲರ್ ಆಯಿತು. ಒಂದು ಸರ್ವರ್ ಕೈಕೊಟ್ಟರೆ ಇನ್ನೊಂದಿರಲಿ ಎಂದು ಎರಡು ಇಟ್ಟಿದ್ದೇವೆ, ಅವುಗಳ ಬಾಡಿಗೆ ಬೇರೆ. ಡಾಲರ್ ಏರಿದಾಗೆಲ್ಲ ನಮ್ಮ ಖರ್ಚೂ ಏರುತ್ತದೆ. ನಿಮ್ಮ ರಸೀದಿಯ ಮೊತ್ತವನ್ನು ವರ್ಷದ ಮಧ್ಯೆ ನಾವು ಎಂದೂ ಮುಟ್ಟಿಲ್ಲ. ಇದರಲ್ಲಿ ಲಾಭ ಹೊಡೆಯುತ್ತಿದ್ದೇವೆ ಎಂದವರು ಆಫೀಸಿಗೆ ಬನ್ನಿ, ಬಿಲ್ ತೋರಿಸುತ್ತೇವೆ. ಕಾಫಿನೂ ಇದೆ.

ಸರ್ವರ್, ಬಕೆಟ್ ಎರಡೂ ಮುಂಬೈನಲ್ಲೇ ಇರುವುದರಿಂದ ಸೈಟು ನಿಧಾನವಾಗುತ್ತದೆಂಬ ಚಿಂತೆ ಬೇಡ.

ಡೊಮೇನ್ ನಮಗೇ ವಹಿಸಿದವರು ಏನೂ ಮಾಡಬೇಕಿಲ್ಲ. ಸ್ವತಃ ನೋಡಿಕೊಳ್ಳುವವರು ನಾವು ವಾಟ್ಸಾಪ್‌ನಲ್ಲಿ ಕಳಿಸುವ ಎರಡು ವಿಳಾಸಗಳನ್ನು ಎ ರೆಕಾರ್ಡ್‌ಗೆ ಹಾಕಿ. ಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ರೆಕಾರ್ಡ್ ಮಾತ್ರ ದಯವಿಟ್ಟು ಮುಟ್ಟಬೇಡಿ, ಮೇಲ್ ನಿಂತುಹೋಗುತ್ತದೆ. ಗೊಂದಲವಾದರೆ ಸುಮ್ನೆ ಒಂದು ಫೋನ್ ಮಾಡಿ. ಎತ್ತುವುದು ನಿಮ್ಮ ಸೈಟು ಮಾಡಿದವರೇ.

ಇಂತಿ,
ನಿಮ್ಮ ವೆಬ್ ಸೇವೆಯ ಬಳಗ