ಆ ಮನೆ ಬಿಡುವ ಮೊದಲು

ಮೈಸೂರು
ನವೆಂಬರ್

ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಮೊನ್ನೆ ನೀನು ಫೋನ್ ಇಟ್ಟುಬಿಟ್ಟ ಮೇಲೆ ನಾನಾಗಿ ಮತ್ತೆ ಮಾಡಲಿಲ್ಲ. ಮಾಡಿದ್ದರೆ ಇಬ್ಬರ ದನಿಯೂ ಏರುತ್ತಿತ್ತು. "ಬರೆದು ಕಳಿಸು, ಆಗ ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡಬಾಯಿ ಹಾಕುವುದಕ್ಕೆ ಆಗುವುದಿಲ್ಲ" ಎಂದು ನಿಮ್ಮಪ್ಪ ಹೇಳಿದರು. ಆ ಕಾರಣಕ್ಕೆ ಈ ಕಾಗದ. ಕೂಗಾಡಿದ್ದಕ್ಕೆ ಬೇಸರವಿದೆ, ಹೇಳಿದ ವಿಷಯಕ್ಕೆ ಬೇಸರವಿಲ್ಲ.

ಓದಲು ಹೋದ ಸ್ಪೇನಿನಲ್ಲಿ ನೀನು ಊಟ-ವಸತಿಗಿರುವ ಮನೆಯ ಒಡತಿ ಸೆನ್ಯೋರಾ, ಈ ತಿಂಗಳ ಕೊನೆಗೆ ಆಕೆಯ ಮನೆ ಬಿಟ್ಟು ಮೂವರು ಹುಡುಗಿಯರ ಜೊತೆ ಫ್ಲಾಟಿಗೆ ಹೋಗುತ್ತೇನೆ ಎಂದೆ. ಹೆಚ್ಚು ಹೊತ್ತು ಸ್ನಾನ ಮಾಡಿದರೆ ಆಕೆ ಬಾಗಿಲು ತಟ್ಟುತ್ತಾರೆ, ರಾತ್ರಿ ಹೀಟರ್ ಆರಿಸುತ್ತಾರೆ, ಮಧ್ಯಾಹ್ನದ ಊಟ ಮೂರು ಗಂಟೆಗೆ, ರಾತ್ರಿಯದು ಒಂಬತ್ತೂವರೆಗೆ. ತರಕಾರಿ ಎಂದು ಬಡಿಸಿದ ಹುರುಳಿಕಾಯಿ ಪಲ್ಯದಲ್ಲಿ ಹಂದಿಯ ಚೂರುಗಳಿದ್ದವು, ಕೇಳಿದರೆ "ಇದು ಮಾಂಸವಲ್ಲ, ಹಾಮೋನ್" ಎಂದರು. ಹಂದಿಯ ವಿಷಯದಲ್ಲಿ ನಾನು ನಿನ್ನ ಪಕ್ಷ. ಬಿಸಿನೀರಿನ ವಿಷಯದಲ್ಲಿ ಪೂರ್ತಿ ಆಕೆಯ ಪಕ್ಷ. ಕಿತ್ತಳೆ ಬಣ್ಣದ ಗ್ಯಾಸ್ ಸಿಲಿಂಡರನ್ನು ಮೂರನೆಯ ಮಹಡಿಗೆ ಹೊರಿಸಿಕೊಳ್ಳುವವರಿಗೆ ಒಂದೊಂದು ಬಕೆಟ್ ನೀರಿನ ಬೆಲೆಯೂ ಗೊತ್ತಿರುತ್ತದೆ. ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಕಾಲೇಜು ಹುಡುಗಿಯರು ಬೆಳಿಗ್ಗೆ ಏಳಕ್ಕೇ ಸೋಲಾರ್ ನೀರನ್ನೆಲ್ಲ ಮುಗಿಸಿ, ನಿಮ್ಮಪ್ಪ ತಣ್ಣೀರು ಮೈಮೇಲೆ ಸುರಿದುಕೊಂಡು ಬೈಯುತ್ತಿದ್ದದ್ದನ್ನು ಕೇಳಿಕೊಂಡೇ ನೀನು ಬೆಳೆದೆ. ಈಗ ಇನ್ನೊಬ್ಬರ ಮನೆಯಲ್ಲಿ ನೀನೇ ಮಹಡಿಯ ಹುಡುಗಿ.

ಹೋಗಲಿ. ನನ್ನ ನಿದ್ದೆ ಕೆಡಿಸಿದ್ದು ಇದ್ಯಾವುದೂ ಅಲ್ಲ. ಮಾತಿನ ಮಧ್ಯೆ ನೀನು ಇನ್ನೊಂದು ಹೇಳಿದೆ. ಆ ದೇಶದ ಕಿಟಕಿಗಳಿಗೆ ಹೊರಗಡೆಯಿಂದ ಸುರುಳಿ ತಡಿಕೆ ಇರುತ್ತದೆ, ಪಟ್ಟಿ ಎಳೆದರೆ ಅಂಗಡಿಯ ಶಟರಿನಂತೆ ಇಳಿಯುತ್ತದೆ, ಮಟಮಟ ಮಧ್ಯಾಹ್ನವೂ ಕೋಣೆಯಲ್ಲಿ ಕಗ್ಗತ್ತಲೆ ಎಂದೆ. ಭಾನುವಾರ ಅದನ್ನು ಇಳಿಸಿಕೊಂಡು ಬಾಗಿಲು ಹಾಕಿ ದಿನವಿಡೀ ಮಲಗುತ್ತೇನೆ, ಹೊಸ ಫ್ಲಾಟಿನಲ್ಲಾದರೆ ಯಾರೂ ಬಂದು ಎಬ್ಬಿಸುವುದಿಲ್ಲ ಎಂದು ಖುಷಿಯಿಂದ ಹೇಳಿದೆ. ನಾನು ಕೂಗಿದ್ದು ಆಗಲೇ.

ಇರಾನಿನ ಹುಡುಗಿಯ ಕಥೆ ಮತ್ತೆ ಶುರುವಾಯಿತು ಎನ್ನುತ್ತೀಯ. ಏಣಿ ಹಾಕಿ ವೆಂಟಿಲೇಟರ್ ಕಿಂಡಿಯಿಂದ ನೋಡಿದ್ದು, ಆಟೋದಲ್ಲಿ ಆಸ್ಪತ್ರೆಗೆ ಒಯ್ದದ್ದು ಎಲ್ಲ ನಿನಗೆ ನೆನಪಿದೆ, ಅದನ್ನು ಬಿಡು. ಅದರ ಹಿಂದಿನ ದಿನದ್ದು ನಿನಗೆ ಗೊತ್ತಿಲ್ಲ. ಅವಳ ತಾಯಿ ಅವರ ಊರು ಶಿರಾಜಿನಿಂದ ನಮ್ಮ ಮನೆಯ ಫೋನಿಗೆ ಮಾಡಿದ್ದರು. ಆಕೆಗೆ ಕನ್ನಡ ಬಾರದು, ಇಂಗ್ಲಿಷೂ ಬಾರದು. ಮಗಳ ಹೆಸರು ಹೇಳಿ "ರೂಮ್? ರೂಮ್?" ಎಂದು ಕೇಳಿದರು. ನಾನು ಗಟ್ಟಿಯಾಗಿ, ಕಿವುಡರಿಗೆ ಹೇಳುವ ಹಾಗೆ, "ಕಾಲೇಜ್, ಕಾಲೇಜ್" ಎಂದೆ. ಆಕೆ ಸಮಾಧಾನದಿಂದ ಏನೋ ಹೇಳಿ ಇಟ್ಟರು. ಹುಡುಗಿ ನನ್ನ ತಲೆಯ ಮೇಲಿನ ಕೋಣೆಯಲ್ಲೇ ಚಿಲಕ ಹಾಕಿಕೊಂಡು ಜ್ವರದಲ್ಲಿ ಮಲಗಿದ್ದಳು.

ನನಗೆ ಹೇಗೆ ಗೊತ್ತಾಗಬೇಕು ಹೇಳು? ನಮ್ಮ ಸಾರು ಖಾರವೆಂದು ಅವಳು ಅದಕ್ಕೂ ಮೊದಲೇ ಮನೆಯ ಊಟ ಬಿಟ್ಟು ಬ್ರೆಡ್ಡು, ಮೊಸರು ತಂದಿಟ್ಟುಕೊಳ್ಳುತ್ತಿದ್ದಳು. ಊಟಕ್ಕಿದ್ದವರ ಲೆಕ್ಕ ನನಗೆ ತಟ್ಟೆಯಿಂದಲೇ ಸಿಗುತ್ತಿತ್ತು. ಒಂದು ತಟ್ಟೆ ಉಳಿದರೆ ಮೆಟ್ಟಿಲ ಬುಡದಲ್ಲಿ ನಿಂತು ಹೆಸರು ಹಿಡಿದು ಕೂಗುತ್ತಿದ್ದೆ. ಅವಳದು ಮಾತ್ರ ಉಳಿಯುವ ಹಾಗೇ ಇರಲಿಲ್ಲ, ಏಕೆಂದರೆ ಅವಳಿಗೆಂದು ತಟ್ಟೆಯನ್ನೇ ಹಾಕುತ್ತಿರಲಿಲ್ಲ. ಡೆಂಗಿ ಎಂದು ತಿಳಿದದ್ದು ಆಸ್ಪತ್ರೆಯಲ್ಲಿ. ಹುಷಾರಾದಳು, ಓದು ಮುಗಿಸಿದಳು, ಊರಿಗೆ ಹೋದಳು, ಎಲ್ಲ ಸರಿಯೇ. ಆದರೂ ಆ ತಾಯಿ ಸಮಾಧಾನದಿಂದ ಫೋನ್ ಇಟ್ಟದ್ದು ನನಗೆ ಮರೆಯುವುದಿಲ್ಲ. ಈಗ ಶಿರಾಜಿನ ಜಾಗದಲ್ಲಿ ನಾನು ಕೂತಿದ್ದೇನೆ.

ಫ್ಲಾಟಿನ ಹುಡುಗಿಯರೂ ನೋಡಿಕೊಳ್ಳುತ್ತಾರೆ ಎನ್ನುತ್ತೀಯ. ಒಳ್ಳೆಯವರೇ ಇರಬಹುದು. ಒಬ್ಬಳು ಇಟಲಿಗೆ ಹೋಗಿರುತ್ತಾಳೆ, ಒಬ್ಬಳು ಬೆಳಗಿನ ಜಾವ ಬಂದು ಮಲಗಿರುತ್ತಾಳೆ, ಮೂರನೆಯವಳು ನೀನೂ ಹೊರಗೆ ಹೋಗಿದ್ದೀಯ ಎಂದುಕೊಂಡಿರುತ್ತಾಳೆ, ನಾನು ಅಂದುಕೊಂಡ ಹಾಗೆಯೇ. ಜನವರಿಯಲ್ಲಿ ರಾತ್ರಿ ಸೊನ್ನೆಗಿಂತ ಕೆಳಗಿಳಿಯುವ ಊರದು. ಎತ್ತರದಲ್ಲಿ ಸಲಮಾಂಕಾ ಹೆಚ್ಚುಕಡಿಮೆ ನಮ್ಮ ಮೈಸೂರಿನಷ್ಟೇ, 800 ಮೀಟರಿನ ಆಸುಪಾಸು ಎಂದು ನಿಮ್ಮಪ್ಪ ಹುಡುಕಿ ತೆಗೆದು ನನ್ನನ್ನು ಸಮಾಧಾನಪಡಿಸಲು ನೋಡಿದರು. ಎತ್ತರ ಒಂದೇ ಆದರೆ ಜ್ವರ ಬರುವುದಿಲ್ಲವೇನು?

ನೀನು ನಗುತ್ತಾ ಹೇಳಿದ ಇನ್ನೊಂದು ಸಂಗತಿಯನ್ನೂ ಎತ್ತಬೇಕು. ಹಾಮೋನ್ ಜಗಳದ ಮೇಲೆ ಸೆನ್ಯೋರಾ ಮಸೂರ ಬೇಳೆಯನ್ನು ಎರಡು ಪಾತ್ರೆಯಲ್ಲಿ ಬೇಯಿಸುತ್ತಾರೆ ಎಂದೆ. ದೊಡ್ಡದರಲ್ಲಿ ಅವರ ಚೋರಿಸೊ ಎಂಬ ಹಂದಿ ಸಾಸೇಜು, ಚಿಕ್ಕದರಲ್ಲಿ ನಿನಗೆ ಬರೀ ಕ್ಯಾರೆಟ್ಟು, ಆಲೂಗಡ್ಡೆ, ಒಂದು ಎಲೆ. ಸೌಟು ಅದಲುಬದಲಾಗದಿರಲಿ ಎಂದು ಚಿಕ್ಕದರ ಹಿಡಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿರುತ್ತಾರೆ ಎಂದೂ ಹೇಳಿದೆ. ನಿನಗೆ ಅದು ತಮಾಷೆ. ಹತ್ತಾರು ಹುಡುಗಿಯರಿಗೆ ಅಡುಗೆ ಮಾಡಿ ಹಾಕಿದ ನನಗೆ ತಮಾಷೆಯಾಗಿ ಕಾಣಲಿಲ್ಲ. ಸಾರಿಗೆ ಖಾರ ಹಾಕುವ ಮೊದಲು ಆ ಇರಾನಿನ ಹುಡುಗಿಗೆ ಒಂದು ಸೌಟು ಎತ್ತಿಡಬೇಕೆಂದು ನನಗೆ ಹೊಳೆದಿರಲಿಲ್ಲ.

ಮತ್ತೆ ಆ ದುಂಡುಮೇಜು. ಕೆಳಗೆ ಹೀಟರ್, ಮೇಲೆ ನೆಲ ಮುಟ್ಟುವ ದಪ್ಪ ಬಟ್ಟೆ, ಮನೆಯವರೆಲ್ಲ ಅದರೊಳಗೆ ಕಾಲು ತೂರಿಸಿಕೊಂಡು ಟಿವಿ ನೋಡುವುದು. ಹಿಂದಿನ ಕಾಲದಲ್ಲಿ ಅಲ್ಲಿ ಕೆಂಡದ ತಟ್ಟೆಯನ್ನೇ ಇಡುತ್ತಿದ್ದರಂತೆ. ನೀನು ಕಳಿಸಿದ ಫೋಟೋದಲ್ಲಿ ಆ ಮೇಜಿಗೆ ನಾಲ್ಕು ಕುರ್ಚಿ, ಕೂತವರು ಮೂವರು. ಫೋಟೋ ತೆಗೆದವಳು ನೀನು, ಆದ್ದರಿಂದ ಖಾಲಿ ಕುರ್ಚಿ ನಿನ್ನದೇ ಎಂದುಕೊಂಡಿದ್ದೇನೆ. ತೆಗೆದ ಮೇಲೆ ಹೋಗಿ ಕೂತೆಯೋ, ಕೋಣೆಗೆ ಹೋದೆಯೋ?

ನನಗೆ ಹೆಮ್ಮೆ ಇಲ್ಲವೆಂದು ತಿಳಿಯಬೇಡ. 1218ರಲ್ಲಿ ಶುರುವಾದ ವಿಶ್ವವಿದ್ಯಾಲಯ ಅದು ಎಂದು ಬೀದಿಯವರಿಗೆಲ್ಲ ಹೇಳಿಯಾಗಿದೆ. ಸೋಮನಾಥಪುರದ ಗುಡಿಗಿಂತ 40 ವರ್ಷ ಹಿರಿದು ಎಂದಾಗ ಎದುರುಮನೆಯ ಮೇಷ್ಟ್ರು ಬಾಯಿ ಮುಚ್ಚಿದರು. ಅದರ ಮುಂಬಾಗಿಲ ಕೆತ್ತನೆಯಲ್ಲಿ ತಲೆಬುರುಡೆಯ ಮೇಲೆ ಕೂತ ಕಪ್ಪೆಯನ್ನು ತಾನಾಗಿಯೇ ಕಂಡವರು ಪಾಸಾಗುತ್ತಾರಂತೆ, ನಿನಗೆ ಬೇರೆಯವರು ತೋರಿಸಿಕೊಟ್ಟರಂತೆ. ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ. ಹಂದಿಯ ವಿಷಯದಲ್ಲಿ ಆ ಭಾಷೆಯಲ್ಲೇ ಜಗಳ ಮಾಡಿ ಗೆದ್ದೆಯಲ್ಲ, ನನಗೆ ಆ ಪಾಸೇ ಸಾಕು. ಮೊಟ್ಟೆ ಹಾಕಿದ ಆಲೂಗಡ್ಡೆ ತೋರ್ತಿಯಾ ತಿನ್ನುತ್ತಿರುವುದೂ ನನಗೆ ಗೊತ್ತು. ಅಜ್ಜಿಗೆ ಹೇಳಿಲ್ಲ.

ಇನ್ನು ನಿನಗೆ ಬೇಡವಾದ ಭಾಗ, ಆದರೂ ಓದು. ಹಣದ ಲೆಕ್ಕ ಹಾಕುವಾಗ ಫ್ಲಾಟಿನ ಬಾಡಿಗೆಯನ್ನಷ್ಟೇ ನೋಡಬೇಡ. ಹೀಟರ್, ಕರೆಂಟು, ಇಂಟರ್ನೆಟ್ ಅದರಲ್ಲಿ ಸೇರಿದೆಯೇ ಕೇಳು. ಒಂದು ತಿಂಗಳ ಠೇವಣಿ ಸಾಕು ಎಂದೆ, ನಮ್ಮ ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸಿಗೆ ಹೋಲಿಸಿದರೆ ಪುಣ್ಯ. ಆದರೆ ಕರಾರುಪತ್ರದಲ್ಲಿ ನಿನ್ನ ಹೆಸರು ಇರಲೇಬೇಕು. ವಿಳಾಸ ಬದಲಾದರೆ ಪುರಸಭೆಯ ನೋಂದಣಿಯನ್ನೂ ಬದಲಿಸಬೇಕು, ಕರಾರಿನಲ್ಲಿ ಹೆಸರಿಲ್ಲದಿದ್ದರೆ ಆ ಕೆಲಸಕ್ಕೆ ಇನ್ನೊಬ್ಬರ ಸಹಿಗಾಗಿ ಅಲೆಯಬೇಕಾಗುತ್ತದೆ. ತುರ್ತಿಗೆ 112 ಎಂದು ಗೊತ್ತಿದೆ ಎನ್ನಬೇಡ, ಗೋಡೆಯ ಮೇಲೆ ಬರೆದು ಅಂಟಿಸು. ಮಲಗುವಾಗ ಚಿಲಕ ಹಾಕಬೇಡ. ತಡಿಕೆ ಇಳಿಸಿದರೂ ಒಂದು ಗೇಣು ಮೇಲಿರಲಿ.

ನೀನು ಹೋಗಲೇಬಾರದು ಎಂದು ಮೊನ್ನೆ ಹೇಳಿದೆ. ಇವತ್ತು ಅಷ್ಟು ಗಟ್ಟಿಯಾಗಿ ಹೇಳಲಾರೆ. ವಯಸ್ಸಿಗೆ ಬಂದ ಹುಡುಗಿಗೆ ಸ್ನಾನದ ಮನೆಯ ಬಾಗಿಲು ಯಾರಾದರೂ ತಟ್ಟಿದರೆ ಮೈ ಉರಿಯುತ್ತದೆ, ನನಗೂ ಉರಿಯುತ್ತಿತ್ತು. ಹಣ ನಾಳೆ ಬ್ಯಾಂಕಿನಿಂದ ಹೋಗುತ್ತದೆ. ಅದನ್ನು ಠೇವಣಿಗೆ ಕೊಡುತ್ತೀಯೋ ಸೆನ್ಯೋರಾಗೆ ಕೊಡುತ್ತೀಯೋ, ನಿನ್ನ ಇಷ್ಟ.

ಆದರೆ ಹೋಗುವುದಾದರೆ ಆ ಮಾತನ್ನು ಆಕೆ ನಿನ್ನ ಬಾಯಿಂದಲೇ ಕೇಳಬೇಕು, ವಸತಿ ಕಚೇರಿಯವರ ಇಮೇಲಿನಿಂದಲ್ಲ. ಬ್ರೋಕರ್ ಕೈಯಲ್ಲಿ ಹೇಳಿ ಕಳಿಸಿ, ಕೀಲಿಯನ್ನು ಕಿಟಕಿಯ ಮೇಲಿಟ್ಟು ಹೋದ ಹುಡುಗಿಯರನ್ನು ನಾನು ಕಂಡಿದ್ದೇನೆ. ಅವರ ಹಾಸಿಗೆ ಮಡಿಸುವಾಗ ನಮ್ಮಿಂದ ಏನಾಯಿತೋ ಎಂದು ಯೋಚಿಸುವುದು ಉಳಿದವರ ಪಾಡು. ಆ ಮೇಜಿಗೆ ಕೂತು ಹೇಳು. ಪೆಟ್ಟಿಗೆಯ ತಳದಲ್ಲಿ ಅವರಿಗೆಂದು ನಾನಿಟ್ಟ ಗಂಧದ ಸೋಪುಗಳಿವೆ, ಇನ್ನೂ ಕೊಟ್ಟಿಲ್ಲವೆಂದು ನನ್ನ ಅನುಮಾನ. ಇದ್ದರೂ ಕೊಡು, ಹೋದರೂ ಕೊಡು.

ಭಾನುವಾರ ನಿನ್ನ ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಫೋನ್ ಮಾಡುತ್ತೇನೆ. ಎತ್ತು.

ನಿನ್ನ
ಅಮ್ಮ

ಮರೆತಿದ್ದೆ: ಫ್ಲಾಟೇ ಗಟ್ಟಿಯಾದರೆ ವಿಳಾಸವನ್ನು ಪೂರ್ತಿ ಕಳಿಸು, ಎಷ್ಟನೆಯ ಮಹಡಿ, ಎಡಗಡೆಯ ಬಾಗಿಲೋ ಬಲಗಡೆಯದೋ ಎಂಬುದೂ ಇರಲಿ. ಜೊತೆಗೆ ಆ ಮೂವರ ಫೋನ್ ನಂಬರುಗಳು. ಒಬ್ಬಳದಲ್ಲ, ಮೂವರದೂ.