ಬೀದರ್ ಪ್ರವಾಸ: ಊಟಕ್ಕೂ ಹೊತ್ತಿರಲಿ

ಮಾನ್ಯ ಸಂಪಾದಕರೇ,

ಬೀದರ್, ಬಸವಕಲ್ಯಾಣ, ಕಲಬುರಗಿ ಮೂರನ್ನೂ ಒಂದೇ ದಿನದಲ್ಲಿ ಮುಗಿಸುವ ಪ್ಯಾಕೇಜ್‌ಗಳು ರಜೆ ಬಂತೆಂದರೆ ಶುರುವಾಗುತ್ತವೆ. ಬೀದರ್‌ನಿಂದ ಕಲಬುರಗಿಯೇ ನೂರು ಕಿ.ಮೀ. ಮೀರುತ್ತದೆ. ಅರ್ಧ ದಿನ ಬಸ್ಸಿನಲ್ಲಿ ಕಳೆದು, ನಡುಮಧ್ಯಾಹ್ನದ ಬಿಸಿಲಲ್ಲಿ ಕೋಟೆ ಹತ್ತಿಸಿ, ಕೊನೆಗೆ ಹೆದ್ದಾರಿ ಬದಿಯ ಢಾಬಾದಲ್ಲಿ ಪನೀರ್ ತಿನ್ನಿಸಿ ಕಳಿಸಿದರೆ ಬಂದವರಿಗೆ ಈ ಸೀಮೆಯ ರುಚಿ ಹತ್ತುವುದಾದರೂ ಹೇಗೆ? ಒಂದು ದಿನಕ್ಕೆ ಬೀದರ್ ಒಂದೇ ಸಾಕು, ಅದೂ ಸರಿಯಾದ ಕ್ರಮದಲ್ಲಿ.

ಮೊದಲು ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ. 1472ರ ಈ ಕಟ್ಟಡದ ಮುಖ ಪೂರ್ವಕ್ಕಿದೆ. ಅಳಿದುಳಿದ ನೀಲಿ, ಬಿಳಿ, ಹಳದಿ ಹೆಂಚುಗಳ ಮೇಲೆ ಬೆಳಗಿನ ಬಿಸಿಲು ನೇರ ಬೀಳುತ್ತದೆ. ಮಧ್ಯಾಹ್ನದ ಮೇಲೆ ಹೋದರೆ ಅದೇ ಗೋಡೆ ಮಂಕು. ಅಲ್ಲಿಂದ ಕೋಟೆಗೆ ಹೋಗಿ ಹನ್ನೊಂದೂವರೆಯೊಳಗೆ ಹೊರಬರಬೇಕು. ಜಂಬಿಟ್ಟಿಗೆ ಕಲ್ಲು ಕಾದ ಮೇಲೆ ಝಳ ಕೆಳಗಿನಿಂದಲೂ ಹೊಡೆಯುತ್ತದೆ. ಕೋಟೆಯೊಳಗಿನ ಅರಮನೆ ರಂಗೀನ್ ಮಹಲಿಗೆ ಬಹಳ ಸಲ ಬೀಗ ಇರುತ್ತದೆ, ಅನುಮತಿಯನ್ನು ಮೊದಲೇ ಕೇಳಿಟ್ಟುಕೊಳ್ಳಿ. ಅಲ್ಲಿ ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕುಸುರಿ ನೋಡದೆ ಬಂದರೆ ಕೋಟೆ ನೋಡಿದ್ದು ಅರ್ಧವೇ.

ಕಂದಕದ ಬಳಿ ಗೈಡ್‌ಗಳು ರಾಜರ ಪಟ್ಟಿ ಒಪ್ಪಿಸುವ ಬದಲು ನೀರಿನ ಸಂಗತಿ ಹೇಳಲಿ. ಮೇಲಿನ ಜಂಬಿಟ್ಟಿಗೆ ಮಳೆನೀರನ್ನು ಹೀರಿ ಕೆಳಗಿಳಿಸುತ್ತದೆ, ಅಡಿಯ ಗಟ್ಟಿ ಕರಿಕಲ್ಲು ತಡೆಯುತ್ತದೆ. ಎರಡೂ ಕೂಡುವಲ್ಲಿ ನೀರು ಝರಿಯಾಗಿ ಹೊರಬರುತ್ತದೆ. ಗುರುದ್ವಾರದ ನಾನಕ್ ಝರಾ, ಗುಹಾದೇವಾಲಯವಾದ ನರಸಿಂಹ ಝರಣಿ, ನೌಬಾದಿನ ಸುರಂಗ ಬಾವಿ, ಎಲ್ಲದರ ಗುಟ್ಟು ಇದೇ. (ನರಸಿಂಹ ಝರಣಿಯನ್ನು ಇದೇ ದಿನಕ್ಕೆ ತುರುಕಬೇಡಿ. ಎದೆಮಟ್ಟದ ನೀರಲ್ಲಿ ನಡೆದು ಬಂದವರು ಒದ್ದೆ ಬಟ್ಟೆಯಲ್ಲಿ ಇನ್ನೇನು ನೋಡಿಯಾರು?)

ಇನ್ನು ಊಟ. ಇಟಲಿಯ ಟಸ್ಕನಿಯಲ್ಲಿ ಗುಡ್ಡದ ಮೇಲಿನ ಹಳೇ ಊರು, ಅಲ್ಲಿನ ಅಡುಗೆ, ಅಲ್ಲಿನದೇ ವೈನ್ ಸೇರಿಸಿ ಒಂದು ದಿನದ ಪ್ರವಾಸ ಮಾಡಿಸುತ್ತಾರೆ. ಅದನ್ನು ನೋಡಿ ಇಲ್ಲೂ ವೈನ್ ಇಡಬೇಕೆನ್ನುವವರಿದ್ದಾರೆ. ಟಸ್ಕನಿಯ ಸ್ಯಾನ್ ಜಿಮಿನ್ಯಾನೊ ಊರಿನ ಸುತ್ತ ದ್ರಾಕ್ಷಿ ತೋಟಗಳಿವೆ, ಅಲ್ಲಿ ವೈನ್ ಒಪ್ಪುತ್ತದೆ. ನಮ್ಮ ಸುತ್ತ ಇರುವುದು ಜೋಳ, ತೊಗರಿ, ಕಬ್ಬು. ಹಾಗಾಗಿ ಲೋಟದಲ್ಲಿ ಅಂಬಲಿ ಬರಲಿ. ಜೋಳದ ಹಿಟ್ಟನ್ನು ಹುಳಿ ಮಜ್ಜಿಗೆಯಲ್ಲಿ ಕಲಸಿಟ್ಟು, ಮರುದಿನ ಕುದಿಸಿ, ಆರಿಸಿ, ಜೀರಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿದ್ದು. ಬೇಸಿಗೆಯಲ್ಲಿ ರಾತ್ರಿಯಿಡೀ ಇಟ್ಟರೆ ಬಾಯಿಗಿಡಲಾಗದಷ್ಟು ಹುಳಿಯಾಗುತ್ತದೆ, ಐದಾರು ತಾಸು ಸಾಕು.

ಜೋಳದ ರೊಟ್ಟಿಯ ಲೆಕ್ಕ ತಪ್ಪುವುದು ಇಲ್ಲಿ: 20 ಜನರಿಗೆ ತಲಾ ಮೂರರಂತೆ 60 ರೊಟ್ಟಿ, ಹಿಟ್ಟು ಸುಮಾರು 5 ಕಿಲೊ. ಬಡಿದು ಬೇಯಿಸಲು ಒಂದಕ್ಕೆ ಎರಡು ನಿಮಿಷ ಹಿಡಿದರೂ ಒಂದು ಒಲೆಗೆ ಎರಡು ತಾಸು. ಬಸ್ಸು ಬಾಗಿಲಿಗೆ ಬಂದ ಮೇಲೆ ಹೇಳಿದರೆ ಖಾನಾವಳಿಯವರಾದರೂ ಏನು ಮಾಡಿಯಾರು? ಹಿಂದಿನ ದಿನವೇ ತಿಳಿಸಬೇಕು, ಎರಡು ಒಲೆ ಬೇಕು. ಹಿಟ್ಟು ಹೊಸದಾಗಿ ಬೀಸಿದ್ದಿರಬೇಕು, ಹಳತಾದರೆ ಜಿಗಿ ಹೋಗಿ ಬಡಿಯುವಾಗಲೇ ಅಂಚು ಬಿರಿಯುತ್ತದೆ. ಕುದಿಯುವ ಎಸರಲ್ಲೇ ನಾದಬೇಕು, ತಣ್ಣೀರು ಹಾಕಿದರೂ ಅದೇ ಪಾಡು. ಪುಂಡಿಪಲ್ಯಕ್ಕೆ ಬೇಳೆಯನ್ನು ಮೊದಲೇ ಬೇಯಿಸಿಕೊಂಡು, ಹುಳಿ ಪುಂಡಿ ಸೊಪ್ಪನ್ನು ಬೇರೆ ಕುದಿಸಿ ನೀರು ಹಿಂಡಿ ಕೂಡಿಸಬೇಕು. ಒಟ್ಟಿಗೆ ಹಾಕಿದರೆ ಹುಳಿಗೆ ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ. ಜೊತೆಗೆ ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಇದಕ್ಕೆ ಒಂದೂವರೆ ತಾಸು ಮೀಸಲಿಡಿ.

ಉಂಡ ಮೇಲೆ ಬಿದ್ರಿ ಕೆಲಸ, ನೆರಳಲ್ಲಿ ಕೂತು ನೋಡುವಂಥದ್ದು. ಅಂಗಡಿಗಲ್ಲ, ಕಾರ್ಖಾನೆಗೆ ಕರೆದೊಯ್ಯಿರಿ. ಸುಮಾರು 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಲ್ಲಿ ಕೊರೆದು, ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಅಲ್ಲಿಯವರೆಗೆ ಪಾತ್ರೆ ಬೂದು ಬಣ್ಣ, ಬೆಳ್ಳಿ ಎದ್ದೇ ಕಾಣುವುದಿಲ್ಲ. ಕೊನೆಗೆ ಕೋಟೆಯ ಹಳೇ ಮಣ್ಣನ್ನು ನವಸಾಗರವೆಂಬ ಲವಣದ ನೀರಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕಿದಾಗ ಮೈಯೆಲ್ಲ ಕಾಡಿಗೆ ಕಪ್ಪಾಗಿ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಈ ಕೆಲವೇ ನಿಮಿಷದ ಕೆಲಸವನ್ನು ನೋಡುವಂತೆ ಕಾರಿಗರ ಜೊತೆ ಮೊದಲೇ ಹೊತ್ತು ಗೊತ್ತುಮಾಡಿಕೊಳ್ಳಬೇಕು.

ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರು ಕೊನೆಗಿರಲಿ, ನಾಲ್ಕರ ಮೇಲೆ. ಅಹ್ಮದ್ ಶಾ ವಲಿಯ ಗುಮ್ಮಟದ ಒಳಗೆ ಕತ್ತಲೆ. ಚೆನ್ನಾದ ಟಾರ್ಚ್ ಒಯ್ಯಿರಿ, ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಸುಮ್ಮನೆ ನಿಲ್ಲಿಸಿ, ಆಮೇಲೆ ಚಾವಣಿಯ ಬಣ್ಣದ ಚಿತ್ತಾರ ತೋರಿಸಿ. ಫ್ಲಾಶ್ ಬೇಡವೇ ಬೇಡ. ಹೊರಬಂದರೆ ಬಹಮನಿ ಸುಲ್ತಾನ ಹುಮಾಯೂನನ ಗುಮ್ಮಟ. ಸಿಡಿಲು ಬಡಿದು ಸೀಳಿತೆನ್ನುತ್ತಾರೆ. ಗೋಡೆ ಎಷ್ಟು ದಪ್ಪ, ಒಳಗೆ ಕಲ್ಲು ಗಾರೆ ಹೇಗೆ ಕೂಡಿಸಿದ್ದಾರೆ ಎಂಬುದು ಕೊಯ್ದಿಟ್ಟ ಕಲ್ಲಂಗಡಿಯ ಹಾಗೆ ಕಾಣುತ್ತದೆ. ಇಳಿಬಿಸಿಲು ಆ ಬಿರುಕಿನೊಳಗೆ ಬೀಳುವ ಹೊತ್ತಿಗೆ ಜನ ಅಲ್ಲಿರುವಂತೆ ನೋಡಿಕೊಳ್ಳಿ.

– ಓದುಗರು, ಬೀದರ್